ಹೋಲ್ಡರ್ ಕಿತ್ತುಕೊಂಡ ಸಂಜೆ: ಒಬ್ಬ ವೆಲ್ಡರ್ ಕಲಿಸುವುದನ್ನು ಕಲಿತ ಪ್ರಕರಣ

ಕೆಲಸ ಚೆನ್ನಾಗಿ ಬರುವವರಿಗೆ ಕಲಿಸುವುದೂ ಬರುತ್ತದೆ ಅಂತ ನಾನು ತುಂಬಾ ವರ್ಷ ನಂಬಿದ್ದೆ. 17 ವರ್ಷ ವೆಲ್ಡಿಂಗ್ ಮಾಡಿ, ಆಮೇಲೆ ವಯಸ್ಕರಿಗೆ ಅದೇ ಕೆಲಸ ಕಲಿಸಲು ಬಂದಾಗ ನನ್ನ ಹತ್ತಿರ ಇದ್ದ ಬಂಡವಾಳ ಒಂದೇ, ನನ್ನ ಬೀಡ್, ಅಂದರೆ ವೆಲ್ಡ್ ಹಾಕಿದ ಲೋಹದ ಗೆರೆ, ಚೆನ್ನಾಗಿ ಬರುತ್ತದೆ ಅನ್ನುವುದು. ಅದು ಸಾಲಲ್ಲ ಅಂತ ತೋರಿಸಿಕೊಟ್ಟ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಒಂದು ಬ್ಯಾಚ್, ಅದರಲ್ಲಿ ಒಬ್ಬರು, ಸುಮಾರು ಎರಡು ತಿಂಗಳ ಕಥೆ. ವೈರಿಂಗ್, ಪ್ಲಂಬಿಂಗ್, ಮರಗೆಲಸ, ಲೇತ್, ಯಾವುದೇ ಕೈಕೆಲಸದಿಂದ ಬಂದು ಟ್ರೇನರ್ ಆಗುತ್ತಿರುವವರು ಓದಲಿ ಅನ್ನುವುದು ಆಸೆ. ಯಾಕೆಂದರೆ ನಮ್ಮೆಲ್ಲರ ತೊಂದರೆ ಒಂದೇ. ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ.

ಬ್ಯಾಚ್

ಸಂಜೆ ಬ್ಯಾಚ್, 12 ವಾರ, 11 ಜನ. ವಯಸ್ಸು 22ರಿಂದ 48ರವರೆಗೆ. ಎಲ್ಲರೂ ಹಗಲು ಎಲ್ಲೋ ದುಡಿದು, ದಣಿದು ಬರುವವರು. ಕೆಲವರು ವೆಲ್ಡಿಂಗ್ ರಾಡ್ ಅನ್ನೇ, ಅಂದರೆ ಕರಗಿ ಜಾಯಿಂಟ್ ತುಂಬುವ ಲೇಪನದ ಕಂಬಿಯನ್ನೇ, ಹಿಡಿದವರಲ್ಲ. ಗುರಿ ಒಂದೇ: 10 ಎಂಎಂ ಪ್ಲೇಟ್ ಮೇಲೆ ಕೆಳಗಿಂದ ಮೇಲಕ್ಕೆ ಹೋಗುವ ವರ್ಟಿಕಲ್ ಜಾಯಿಂಟ್ ಹಾಕಿ ಬೆಂಡ್ ಟೆಸ್ಟ್ (ವೆಲ್ಡ್ ಬಗ್ಗಿಸಿ ಬಾಯಿ ಬಿಡುತ್ತದಾ ಅಂತ ನೋಡುವ ಪರೀಕ್ಷೆ) ಪಾಸ್ ಮಾಡುವುದು. ಅದು ಪಾಸಾದರೆ ದೊಡ್ಡ ಕಟ್ಟಡದ ಉಕ್ಕಿನ ಕೆಲಸಕ್ಕೆ ದಾರಿ ತೆರೆಯುತ್ತದೆ.

ಅವರಲ್ಲಿ ಒಬ್ಬರಿಗೆ 46 ವರ್ಷ. ಇಡೀ ಬ್ಯಾಚ್ ಅವರನ್ನು ಅಣ್ಣ ಅಂತಲೇ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಅಣ್ಣ 20 ವರ್ಷದಿಂದ ಗೇಟು, ಗ್ರಿಲ್ಲು, ಬೇಲಿ, ಶೆಡ್ಡಿನ ಕೆಲಸ ಮಾಡಿದವರು. ತೆಳು ಪೈಪು, 6013 ಅನ್ನುವ ಮಾಮೂಲಿ ರಾಡು, ಅದೇ ಅವರ ಲೋಕ. ವರ್ಷಕ್ಕೆ ಎಷ್ಟು ಸಾವಿರ ರಾಡ್ ಸುಟ್ಟಿರಬಹುದೋ ಲೆಕ್ಕ ಇಲ್ಲ. ಮೊದಲ ನಾಲ್ಕು ವಾರ ಅವರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಬರುತ್ತದಲ್ಲ, ಇವರಿಗೇನು ಕಷ್ಟ, ಹೊಸಬರನ್ನು ನೋಡೋಣ ಅಂದುಕೊಂಡೆ. ಮೊದಲ ತಪ್ಪು ಅಲ್ಲೇ ಆಗಿತ್ತು.

ಐದನೇ ವಾರ

ಐದನೇ ವಾರ 7018 ರಾಡ್ ಶುರು ಮಾಡಿದೆವು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 70 ಅಂದರೆ ವೆಲ್ಡ್ ಲೋಹದ ಕನಿಷ್ಠ ಬಲ, ಚದರ ಇಂಚಿಗೆ 70 ಸಾವಿರ ಪೌಂಡ್. 1 ಅಂದರೆ ಎಲ್ಲ ಪೊಸಿಷನ್‌ನಲ್ಲೂ, ಪ್ಲೇಟ್ ಮಲಗಿದ್ದರೂ ನಿಂತಿದ್ದರೂ ತಲೆ ಮೇಲಿದ್ದರೂ, ಬಳಸಬಹುದು. 8 ಅಂದರೆ ಹೈಡ್ರೋಜನ್ ಕಡಿಮೆ ಬಿಡುವ ಲೇಪನ. ಈ ರಾಡ್‌ಗೆ ಎರಡು ಹಟ ಇದೆ. ಒಂದು, ತೇವ ಆಗದು. ರಾಡ್ ಒಣಗಿಸಿಡುವ ಓವನ್‌ನಿಂದ ತೆಗೆದ ಮೇಲೆ 4 ಗಂಟೆಗಿಂತ ಜಾಸ್ತಿ ಹೊರಗೆ ಇಡಬಾರದು ಅಂತ ವೆಲ್ಡಿಂಗ್ ನಿಯಮಗಳ ಕೋಡ್ ಹೇಳುತ್ತದೆ. ಎರಡು, ಆರ್ಕ್, ಅಂದರೆ ರಾಡ್ ತುದಿಗೂ ಪ್ಲೇಟಿಗೂ ನಡುವೆ ಉರಿಯುವ ವಿದ್ಯುತ್ ಕಿಡಿ, ತೀರಾ ಹತ್ತಿರ ಇರಬೇಕು. ರಾಡ್ ಎತ್ತಿದ ತಕ್ಷಣ ಲೇಪನ ಸುಟ್ಟು ಬರುವ ಅನಿಲದ ರಕ್ಷಣೆ ತಪ್ಪಿ ಗಾಳಿ ಒಳಗೆ ನುಗ್ಗುತ್ತದೆ, ಲೋಹದೊಳಗೆ ಸೂಜಿ ಚುಚ್ಚಿದ ಹಾಗೆ ತೂತುಗಳು ಉಳಿಯುತ್ತವೆ. ಪೊರಾಸಿಟಿ ಅನ್ನುವುದು ಅದಕ್ಕೇ.

ಅಣ್ಣ ವರ್ಟಿಕಲ್ ಹಾಕತೊಡಗಿದರು. ಪ್ರತಿ ಸಲವೂ ತೂತು. ಅವರ ಕೈ ಏನು ಮಾಡುತ್ತಿತ್ತು ಅಂದರೆ, ಒಂದು ಬೊಟ್ಟು ಇಡುತ್ತಿತ್ತು, ಮೇಲೆ ಎತ್ತುತ್ತಿತ್ತು, ಕೆಂಪು ಸ್ವಲ್ಪ ಆರಲು ಬಿಡುತ್ತಿತ್ತು, ಮತ್ತೆ ಬಂದು ಇನ್ನೊಂದು ಬೊಟ್ಟು. ನಾನು ಪಕ್ಕದಲ್ಲಿ ನಿಂತು "ಆರ್ಕ್ ಶಾರ್ಟ್ ಇಡಿ ಅಣ್ಣ" ಅಂದೆ. ಮತ್ತೆ ಅಂದೆ. "ಎತ್ತಬೇಡಿ" ಅಂದೆ. "ಶಾರ್ಟ್, ಶಾರ್ಟ್, ಶಾರ್ಟ್" ಅಂತ ಹಿಂದಿನಿಂದ ಕೂಗಿದೆ. ಅದೆಷ್ಟು ಸಲ ಹೇಳಿದೆನೋ, ಕೊನೆಗೆ ತಾಳ್ಮೆ ಹೋಯಿತು. ರಾಡ್ ಇನ್ನೂ ಅರ್ಧ ಇತ್ತು. "ಕೊಡಿ ಇಲ್ಲಿ" ಅಂತ ಅವರ ಕೈಯಿಂದ ಹೋಲ್ಡರ್, ಅಂದರೆ ರಾಡ್ ಕಚ್ಚಿ ಹಿಡಿಯುವ ಹಿಡಿಕೆ, ತೆಗೆದುಕೊಂಡೆ. ತೆಗೆದುಕೊಂಡೆ ಅಂತ ಮೆತ್ತಗೆ ಬರೆಯುವುದು ಸರಿಯಲ್ಲ, ಕಿತ್ತುಕೊಂಡೆ. ಎರಡು ಮೂರು ಇಂಚು ಬೀಡ್ ಹಾಕಿ, ಹೆಲ್ಮೆಟ್ ಎತ್ತಿ, "ನೋಡಿದ್ರಾ? ಇಷ್ಟೇ" ಅಂದೆ. ಸುತ್ತ ಆರೇಳು ಹುಡುಗರು ನಿಂತಿದ್ದರು. ಅಣ್ಣ ತಲೆ ಆಡಿಸಿದರು. ಗ್ಲೌಸ್ ಕಳಚಿ ಬೆಂಚಿನ ಮೇಲೆ ಜೋಡಿಸಿಟ್ಟರು, ಒಂದರ ಮೇಲೆ ಒಂದು. ಆ ದಿನ ಮತ್ತೆ ಮುಟ್ಟಲಿಲ್ಲ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ.

ನಾನು ಕೊಟ್ಟುಕೊಂಡ ಕಾರಣ, ಮತ್ತು ಒಂದು ಪ್ರಶ್ನೆ

"ಹಳೇ ಕೈ, ಬಾಗಲ್ಲ. 20 ವರ್ಷದ ಅಭ್ಯಾಸ ಬಿಡಿಸೋಕಾಗಲ್ಲ." ಪಕ್ಕದ ಶೆಡ್ಡಿನಲ್ಲಿ ವೈರಿಂಗ್ ಕಲಿಸುವ ಮೇಡಂ ಹತ್ತಿರ ನಾನು ಹೇಳಿದ್ದು ಇದೇ ಮಾತು. ಅವರು ನನಗಿಂತ ತುಂಬಾ ಮೊದಲೇ ಈ ಕೆಲಸಕ್ಕೆ ಬಂದವರು. ನಾನು ಬೀಡ್ ಹಾಕಿ ತೋರಿಸಿದ್ದನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ತೋರಿಸಿದಾಗ ಅವರಿಗೆ ಏನು ಕಾಣಿಸಿತು?"

ಹೆಲ್ಮೆಟ್ಟಿನ ಕಪ್ಪು ಗಾಜಿನಲ್ಲಿ, ನನ್ನ ಭುಜದ ಹಿಂದಿನಿಂದ, ಹತ್ತೋ ಹದಿನೈದೋ ಸೆಕೆಂಡು. ಏನು ಕಂಡಿರಬಹುದು? ಒಂದು ಬೆಳಕು ಮೇಲಕ್ಕೆ ಹೋಯಿತು, ಅಷ್ಟೇ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಮಾರನೇ ಸಂಜೆ ಒಂದು ನೋಟ್‌ಬುಕ್ ಹಿಡಿದು ನನ್ನ ಕ್ಲಾಸಿನ ಮೂಲೆಯಲ್ಲಿ ಬಂದು ಕೂತರು. ಕ್ಲಾಸ್ ಮುಗಿದ ಮೇಲೆ ಒಂದು ಪುಟ ಹರಿದು ಕೊಟ್ಟರು. ಅದರಲ್ಲಿ ಸಣ್ಣ ಗೀಟುಗಳು, ಐದೈದರ ಗುಂಪು. ಒಂದೇ ಸಂಜೆಯಲ್ಲಿ ನಾನು 14 ಸಲ ಕಲಿಯುವವರ ಕೈಯಿಂದ ಏನಾದರೂ ತೆಗೆದುಕೊಂಡಿದ್ದೆ. ಹೋಲ್ಡರ್, ಗ್ರೈಂಡರ್, ಸ್ಲ್ಯಾಗ್ (ಬೀಡ್ ಮೇಲೆ ಕಟ್ಟುವ ಗಟ್ಟಿ ಪೊರೆ) ಹೊಡೆಯುವ ಸುತ್ತಿಗೆ, ಒಂದು ಸಲ ಚಾಕ್ ಪೀಸ್ ಕೂಡ. "ಅರ್ಥ ಆಯ್ತಾ?" ಅಂತ 22 ಸಲ ಕೇಳಿದ್ದೆ. 22 ಸಲವೂ ಉತ್ತರ ಹೂಂ. ಇದರಲ್ಲಿ ಒಂದೂ ನನ್ನ ನೆನಪಿನಲ್ಲಿ ಇರಲಿಲ್ಲ. ಯಾರಾದರೂ ಎಣಿಸದೇ ಇದ್ದಿದ್ದರೆ, ನಾನು ಹಾಗೆ ಮಾಡುವುದೇ ಇಲ್ಲ ಅಂತ ಆಣೆ ಇಟ್ಟು ಹೇಳುತ್ತಿದ್ದೆ.

ಹೊಸ ಟ್ರೇನರ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ನಿಮ್ಮ ಟ್ರೇಡ್ ಗೊತ್ತಿಲ್ಲದ ಒಬ್ಬರನ್ನು ಕರೆದು ಕ್ಲಾಸಿನಲ್ಲಿ ಕೂರಿಸಿಕೊಳ್ಳಿ. ಅಭಿಪ್ರಾಯ ಕೇಳಬೇಡಿ, ಎಣಿಸಿ ಕೊಡಿ ಅನ್ನಿ.

ಆ ಪುಟ ಜೇಬಿನಲ್ಲಿ ಇಟ್ಟುಕೊಂಡು, ಎಲ್ಲರೂ ಹೋದ ಮೇಲೆ, ಅಣ್ಣನ ಪ್ಲೇಟ್ ಹುಡುಕಿದೆ. ಅದು ಸ್ಕ್ರ್ಯಾಪ್ ಡಬ್ಬಿಯಲ್ಲೇ ಇತ್ತು. ಕೆಳಗಿನ ಅರ್ಧ ಅವರದ್ದು, ಮೇಲಿನ ಮೂರು ಇಂಚು ನನ್ನದು. ಸ್ಲ್ಯಾಗ್ ಪೂರ್ತಿ ಹೊಡೆದು, ಬ್ರಷ್ ಹಾಕಿ, ಟಾರ್ಚ್ ಬಿಟ್ಟು ನೋಡಿದೆ. ನನ್ನ ಬೀಡ್ ಶುರುವಾಗುವ ಜಾಗದಲ್ಲಿ ಎರಡು ತೂತು ಇತ್ತು. ನನ್ನವೇ. ಓವನ್ ಪುಸ್ತಕ ತೆಗೆದು ನೋಡಿದರೆ, ಆ ರಾಡ್‌ಗಳನ್ನು ಮಧ್ಯಾಹ್ನದ ಬ್ಯಾಚಿಗೆ 12 ಗಂಟೆಗೆ ಹೊರಗೆ ತೆಗೆದಿದ್ದರು, ವಾಪಸ್ ಒಳಗೆ ಇಟ್ಟೇ ಇರಲಿಲ್ಲ. ನಾವು ಬಳಸಿದ್ದು ಸಂಜೆ 7ಕ್ಕೆ. ಅಂದರೆ ರಾಡ್ ತೇವ ಎಳೆದುಕೊಂಡಿದ್ದಿರಬಹುದು. ಅಣ್ಣನ ಕೈಯಲ್ಲಿ ತೊಂದರೆ ಇತ್ತು, ನಿಜ. ಆದರೆ ತೊಂದರೆ ಅವರ ಕೈಯೊಂದರದ್ದೇ ಅಲ್ಲ. ರಾಡ್ ಪರೀಕ್ಷಿಸದೆ ಮನುಷ್ಯನನ್ನು ದೂರಿದ್ದೆ. ಕೆಲಸದ ಜಾಗದಲ್ಲಿ ಇದನ್ನೇ ಯಾರಾದರೂ ನನಗೆ ಮಾಡಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಫೋನ್

ಆ ರಾತ್ರಿಯೇ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಹುಡುಗರ ಮುಂದೆ ಹಾಗೆ ಮಾಡಬಾರದಿತ್ತು ಅಂದೆ. ರಾಡ್ ವಿಷಯ, ನನ್ನ ಎರಡು ತೂತಿನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಾರ್, ಈ ಕೈ ನಂಬಿಕೊಂಡೇ 20 ವರ್ಷ ಸಂಸಾರ ನಡೆಸಿದೀನಿ. ನನ್ನ ಮಗನ ವಯಸ್ಸಿನ ಹುಡುಗ್ರು ನೋಡ್ತಾ ಇದ್ರು."

ಆಮೇಲೆ ಇನ್ನೊಂದು ಮಾತು ಹೇಳಿದರು. ಈ ಇಡೀ ಪ್ರಕರಣದ ಬೀಗದ ಕೈ ಅದೇ.

"ನೀವು ಶಾರ್ಟ್ ಇಡಿ ಶಾರ್ಟ್ ಇಡಿ ಅಂತೀರಿ. ನಾನು ಶಾರ್ಟೇ ಇಟ್ಟಿದ್ದೆ ಸಾರ್."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮಾಮೂಲಿ ಆರ್ಕ್‌ಗೆ ಹೋಲಿಸಿದರೆ ಅವತ್ತು ಇಟ್ಟದ್ದು ಶಾರ್ಟೇ. ಐದಾರು ಎಂಎಂ ಇದ್ದಿರಬಹುದು. ನನ್ನ ಶಾರ್ಟ್ ಅಂದರೆ 3.15 ಎಂಎಂ ರಾಡಿನ ತುದಿ ಪ್ಲೇಟಿಗೆ ತಾಗಿಯೇ ಬಿಟ್ಟಿತು ಅನ್ನುವಷ್ಟು ಹತ್ತಿರ, ರಾಡಿನ ದಪ್ಪಕ್ಕಿಂತಲೂ ಕಡಿಮೆ. ಒಂದೇ ಪದ, ಎರಡು ಅಳತೆ. ನಾನು ಅಷ್ಟು ಸಲ ಕೂಗಿದ್ದು ಅಷ್ಟು ಸಲವೂ ಅವರಿಗೆ ತಲುಪಿತ್ತು, ಅವರು ಪ್ರತಿ ಸಲವೂ ಪಾಲಿಸಿದ್ದರು ಕೂಡ. ಮಾತು ಕೇಳಲಿಲ್ಲ ಅಂತ ನಾನು ಅಂದುಕೊಂಡಿದ್ದ ಮನುಷ್ಯ ಪೂರ್ತಿ ಕೇಳಿದ್ದರು.

ಕೈಗೆ ಗೊತ್ತಿದ್ದದ್ದನ್ನು ಕಾಗದಕ್ಕೆ ಇಳಿಸಿದ್ದು

ಅಲ್ಲಿಂದ ನಾನು ಸ್ವಲ್ಪ ಓದಲು ಶುರು ಮಾಡಿದೆ. ಓದು ನನ್ನ ಅಭ್ಯಾಸ ಅಲ್ಲ, ಆದರೆ ಬೇಕಾಗಿತ್ತು. ಫಿಟ್ಸ್ ಮತ್ತು ಪೋಸ್ನರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1967ರಲ್ಲೇ ಕೈಕೆಲಸ ಕಲಿಯುವುದನ್ನು ಮೂರು ಹಂತ ಮಾಡಿ ಹೇಳಿದ್ದಾರೆ. ಮೊದಲು ಯೋಚಿಸಿ ಯೋಚಿಸಿ ಮಾಡುತ್ತೇವೆ. ಆಮೇಲೆ ತಪ್ಪು ಕಡಿಮೆಯಾಗುತ್ತಾ ಹೊಂದಿಕೊಳ್ಳುತ್ತದೆ. ಕೊನೆಗೆ ಯೋಚನೆಯೇ ಬೇಡ, ಕೈ ತಾನಾಗಿ ನಡೆಯುತ್ತದೆ. ಮೂರನೇ ಹಂತಕ್ಕೆ ಬಂದವನೇ ಕಲಿಸಲು ಬರುವುದು, ಆದರೆ ಅಷ್ಟು ಹೊತ್ತಿಗೆ ಮೊದಲ ಹಂತದಲ್ಲಿ ತಾನು ಏನೇನು ಯೋಚಿಸಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ. ನನ್ನ ಸ್ಥಿತಿ ಅದೇ ಆಗಿತ್ತು.

ಇನ್ನೊಂದು ಸಿಕ್ಕಿದ್ದು ಎರಡನೇ ಮಹಾಯುದ್ಧದ ಕಾಲದ್ದು. 1940ರಿಂದ 1945ರವರೆಗೆ ಅಮೆರಿಕದಲ್ಲಿ ಟ್ರೇನಿಂಗ್ ವಿಥಿನ್ ಇಂಡಸ್ಟ್ರಿ ಅನ್ನುವ ಸರ್ಕಾರಿ ಕಾರ್ಯಕ್ರಮ ನಡೆಯಿತು. ನುರಿತ ಕೆಲಸಗಾರರ ಕೊರತೆ, ಕಾರ್ಖಾನೆ ನಿಲ್ಲಿಸುವಂತಿಲ್ಲ, ಹೊಸಬರಿಗೆ ಬೇಗ ಕಲಿಸಬೇಕು. ಅವರು ಮೇಸ್ತ್ರಿಗಳಿಗೆ 2 ಗಂಟೆಯ ಐದು ತರಗತಿ ಮಾಡಿ, ಕಲಿಸುವುದು ಹೇಗೆ ಅಂತ ಹೇಳಿಕೊಟ್ಟರು. ಕಲಿಯುವವರನ್ನು ಅಣಿ ಮಾಡು, ತೋರಿಸು, ಅವರ ಕೈಯಲ್ಲಿ ಮಾಡಿಸು, ಆಮೇಲೆ ಹಿಂದೆ ಬಿದ್ದು ನೋಡಿಕೋ. ನಾಲ್ಕೇ ಮೆಟ್ಟಿಲು. ಅದಕ್ಕೂ ಮುಂಚೆ ಕೆಲಸವನ್ನು ತುಂಡು ಮಾಡಿ ಬರೆದುಕೊಳ್ಳಬೇಕು, ಪ್ರತಿ ತುಂಡಿನಲ್ಲೂ ಕೆಲಸ ಕೆಡಿಸುವ ಅಥವಾ ಉಳಿಸುವ ಅಂಶ ಯಾವುದು ಅಂತ ಪಕ್ಕದಲ್ಲಿ ಗುರುತು ಹಾಕಬೇಕು. ಕೆಲಸಗಾರ ಕಲಿತಿಲ್ಲ ಅಂದರೆ ಹೇಳಿಕೊಡುವವನು ಕಲಿಸಿಲ್ಲ ಅನ್ನುವುದು ಅವರ ಧ್ಯೇಯವಾಕ್ಯ. ನನಗೆ ಆ ಸಾಲು ಚುಚ್ಚಿತು, ಒಳ್ಳೆಯದೇ ಆಯಿತು.

ನಾನು ಕೂತು ವರ್ಟಿಕಲ್ ಬೀಡ್ ಬಗ್ಗೆ ಬರೆದೆ. ಆರು ಸಾಲಿಗೆ ಮುಗಿದುಹೋಯಿತು. ಮೇಡಂಗೆ ಕೊಟ್ಟು "ಇದನ್ನು ನೋಡಿ ಹಾಕಿ" ಅಂದೆ. ಕರೆಂಟ್ 110 ಆಂಪ್ಸ್ ಇಟ್ಟು, ಅವರು ಶ್ರದ್ಧೆಯಿಂದ ಓದುತ್ತಾ ಮಾಡಿದರು. ರಾಡ್ ಅಂಟಿತು. ಮತ್ತೆ ಅಂಟಿತು. ಮೂರನೇ ಸಲ ಹತ್ತಿತು, ಎರಡು ಸೆಕೆಂಡಿಗೆ ಆರಿತು. "ರಾಡ್ ಕರಗ್ತಾ ಚಿಕ್ಕದಾಗುತ್ತಲ್ಲ, ನಾನು ಕೈ ಒಳಗೆ ತಳ್ಳಬೇಕಾ?" ಅಂತ ಕೇಳಿದರು. ತಳ್ಳಬೇಕು! ನನ್ನ ಆರು ಸಾಲಿನಲ್ಲಿ ಅದು ಇರಲೇ ಇಲ್ಲ. 17 ವರ್ಷದಿಂದ ಪ್ರತಿ ಸೆಕೆಂಡೂ ಮಾಡುತ್ತಿರುವ ಕೆಲಸ ಅದು.

ಆಮೇಲೆ ಮೊಬೈಲ್ ಮುಂದೆ ಕಪ್ಪು ಗಾಜು ಇಟ್ಟು ನನ್ನದೇ ಬೀಡ್ ವಿಡಿಯೋ ಮಾಡಿ, ನಿಧಾನ ಮಾಡಿ ನೋಡಿದೆ. ಒಂದೊಂದೇ ಹೊರಗೆ ಬಂತು. ನನ್ನ ಎಡ ಮೊಣಕೈ ಯಾವಾಗಲೂ ಏನಕ್ಕಾದರೂ ಆನಿಸಿಕೊಂಡಿರುತ್ತದೆ. ಶುರು ಮಾಡುವಾಗ ಜಾಯಿಂಟಿನೊಳಗೇ ಸ್ವಲ್ಪ ಮುಂದೆ ರಾಡ್ ಗೀರಿ ಹತ್ತಿಸಿ, ಹಿಂದಕ್ಕೆ ಬಂದು, ಆ ಗೀರಿದ ಜಾಗದ ಮೇಲೇ ಹಾದುಹೋಗುತ್ತೇನೆ. ಎರಡೂ ಅಂಚಿನಲ್ಲಿ ಒಂದು ಕ್ಷಣ ನಿಲ್ಲುತ್ತೇನೆ, ಮಧ್ಯದಲ್ಲಿ ನಿಲ್ಲುವುದಿಲ್ಲ. ಅಂಚಿನಲ್ಲಿ ನಿಲ್ಲದಿದ್ದರೆ ಅಲ್ಲಿ ಗೀರಿನಂತೆ ಕೊರೆದುಹೋಗಿ ಅಂಡರ್‌ಕಟ್ ಆಗುತ್ತದೆ. ಮುಖ್ಯವಾಗಿ, ನಾನು ಬೆಳಕನ್ನು ನೋಡುವುದೇ ಇಲ್ಲ. ಅದರ ಕೆಳಗೆ ಕರಗಿದ ಲೋಹದ ಕೊಳ ಇರುತ್ತದಲ್ಲ, ಅದರ ಅಂಚು ನೋಡುತ್ತಿರುತ್ತೇನೆ. ಹೊಸಬರು ಎಲ್ಲರೂ ಬೆಳಕು ನೋಡುತ್ತಾರೆ. ನಾನು ಎಲ್ಲಿ ನೋಡಬೇಕು ಅಂತ ಯಾರಿಗೂ ಒಂದು ದಿನವೂ ಹೇಳಿರಲಿಲ್ಲ.

ಈ ಹುಡುಕಾಟದ ಫಲ ಇಷ್ಟು: ವರ್ಟಿಕಲ್‌ನಲ್ಲಿ ಕೈ ಒಂದೇ ಹೊತ್ತಿಗೆ ಮೂರು ಕೆಲಸ ಮಾಡುತ್ತದೆ. ರಾಡ್ ಒಳಗೆ ಊಡುವುದು, ಮೇಲೆ ಏರುವುದು, ಅಕ್ಕಪಕ್ಕ ಆಡಿಸುವುದು. ಮೂರನ್ನೂ ಒಟ್ಟಿಗೆ ಕಲಿಯಿರಿ ಅಂತ ನಾನು ಹೇಳುತ್ತಿದ್ದೆ. ಈಗ ಬಿಡಿಸಿದೆ. ಮೊದಲು ಹತ್ತಿಸದ ರಾಡ್ ಹಿಡಿದು ಡ್ರೈ ರನ್. ಆಮೇಲೆ ಮಲಗಿಸಿದ ಪ್ಲೇಟ್ ಮೇಲೆ ಊಡುವುದು ಮಾತ್ರ: 7018ರ ಲೇಪನದ ಅಂಚು ಪ್ಲೇಟಿಗೆ ಹಗುರವಾಗಿ ತಾಗಿಸಿಕೊಂಡೇ ಎಳೆಯಿರಿ. ಲೇಪನ ಒಳಗಿನ ಕಂಬಿಗಿಂತ ನಿಧಾನ ಕರಗಿ ತುದಿಯಲ್ಲಿ ಸಣ್ಣ ಬಟ್ಟಲಿನಂತೆ ಉಳಿಯುತ್ತದೆ, ಹಾಗಾಗಿ ತಾಗಿದರೂ ಅಂಟದೆ ಓಡುತ್ತದೆ. "ಶಾರ್ಟ್" ಅನ್ನುವ ಪದ ಕ್ಲಾಸಿನಿಂದ ಹೋಯಿತು. ಅದರ ಬದಲು "ತಾಗಿಸಿಕೊಂಡು" ಅಂದೆವು. ತಾಗಿದೆಯೋ ಇಲ್ಲವೋ ಅನ್ನುವುದು ಕೈಗೆ ತಿಳಿಯುತ್ತದೆ, ಅದಕ್ಕೆ ಎರಡು ಅಳತೆ ಇಲ್ಲ.

ಹಳೇ ಅಭ್ಯಾಸ ತಪ್ಪೇ?

ಅಣ್ಣ ಮೂರನೇ ದಿನ ಬಂದರು. ಅವತ್ತು ನಾನು ಕಲಿಸಲಿಲ್ಲ, ಕೇಳಿದೆ. "ಅಣ್ಣ, ನೀವು ರಾಡ್ ಎತ್ತೋದು ಯಾಕೆ?"

ಅವರಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. ಒಂದೂವರೆ ಎಂಎಂ ಪೈಪು ಸಾರ್, ಎತ್ತದೆ ಇದ್ದರೆ ತೂತು ಬಿದ್ದು ಹೋಗುತ್ತೆ ಅಂದರು. ಸರಿಯೇ! ತೆಳು ಪೈಪಿನಲ್ಲಿ ಬಿಸಿ ಹಿಡಿತಕ್ಕೆ ತರಲು ಎತ್ತುವುದೇ ಉಪಾಯ, 6013 ರಾಡ್ ಅದನ್ನು ಸಹಿಸಿಕೊಳ್ಳುತ್ತದೆ. ಅವರ ಕೈ ಕೆಟ್ಟಿರಲಿಲ್ಲ. ಇನ್ನೊಂದು ಲೋಹಕ್ಕೆ, ಇನ್ನೊಂದು ರಾಡಿಗೆ ಸರಿಯಾಗಿ ಪಳಗಿತ್ತು. ಅದನ್ನು ನಾನು "ಕೆಟ್ಟ ಅಭ್ಯಾಸ" ಅಂತ ಕರೆದಿದ್ದೆ.

ವಯಸ್ಕರ ಕಲಿಕೆ ಅಂದರೆ ಎಲ್ಲರೂ ಹೇಳುವ ಹೆಸರು ಮಾಲ್ಕಮ್ ನೋಲ್ಸ್. 1968ರಿಂದ ಅವರು ಒತ್ತಿ ಹೇಳುತ್ತಾ ಬಂದದ್ದು, ದೊಡ್ಡವರು ಅನುಭವದ ಮೂಟೆ ಹೊತ್ತು ತರಗತಿಗೆ ಬರುತ್ತಾರೆ, ಆ ಮೂಟೆ ಕಲಿಕೆಗೆ ಆಸ್ತಿ ಅಂತ. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಅನುಭವ ದೊಡ್ಡವರಿಗೆ ಬರೀ ತಿಳುವಳಿಕೆ ಅಲ್ಲ, ಅದೇ ಅವರ ಮರ್ಯಾದೆ. ಚಿಕ್ಕ ಹುಡುಗನಿಗೆ ನೀನು ಮಾಡಿದ್ದು ತಪ್ಪು ಅಂದರೆ ಒಂದು ಬೀಡ್ ತಪ್ಪಾಗುತ್ತದೆ. ಅಣ್ಣನಿಗೆ ಹಾಗೆ ಅಂದರೆ 20 ವರ್ಷ ತಪ್ಪಾಗುತ್ತದೆ.

ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಒಂದು ಕಡೆ ತೆಳು ಪೈಪು, 6013. ಅದರಲ್ಲಿ ಅಣ್ಣ ಎತ್ತಿ ಎತ್ತಿ ಹಾಕಿದರು, ಬ್ಯಾಚ್ ನೋಡಿತು, ಒಂದು ತೂತೂ ಇಲ್ಲ. ಇನ್ನೊಂದು ಕಡೆ 10 ಎಂಎಂ ಪ್ಲೇಟು, ಓವನ್‌ನಿಂದ ಆಗಷ್ಟೇ ತೆಗೆದ 7018, ಅದೇ ಕೈ. ಎರಡು ಪ್ಲೇಟ್ ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿಯ ಮೂಲೆಗೆ ವೆಲ್ಡ್ (ಫಿಲೆಟ್) ಹಾಕಿಸಿದ್ದೆ. ಅದನ್ನು ವೈಸ್‌ಗೆ ಕಚ್ಚಿಸಿ, ದೊಡ್ಡ ಸುತ್ತಿಗೆ ಅಣ್ಣನಿಗೇ ಕೊಟ್ಟೆ. ನಾಲ್ಕನೇ ಏಟಿಗೆ ವೆಲ್ಡ್ ಬಾಯಿ ಬಿಟ್ಟಿತು. ಒಡೆದ ಲೋಹ ಬೂದು ಬಣ್ಣಕ್ಕೆ, ಒರಟೊರಟಾಗಿ ಇತ್ತು, ಅದರ ನಡುವೆ ಒಂದೇ ಅಂತರದಲ್ಲಿ ಸಾಲಾಗಿ ಹೊಳೆಯುವ ಗುಂಡು ತೂತುಗಳು. ಅಣ್ಣ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಂದೊಂದೇ ತೂತು ಮುಟ್ಟುತ್ತಾ ಹೋದರು. "ಎತ್ತಿದ್ ಕಡೆ ಎಲ್ಲಾ ಇದೆ" ಅಂದರು, ಯಾರಿಗೋ ಹೇಳಿದಂತಲ್ಲ. ನಾನು ಏನೂ ಹೇಳಲಿಲ್ಲ. ಹೇಳುವುದೇನೂ ಉಳಿದಿರಲಿಲ್ಲ.

ಈ ಒಡೆದು ನೋಡುವ ಕೆಲಸವನ್ನು ನಾನು ಮೊದಲು ಕೋರ್ಸಿನ ಕೊನೆಗೆ ಇಡುತ್ತಿದ್ದೆ. ಈಗ ಮೊದಲ ವಾರಕ್ಕೇ ತಂದಿದ್ದೇನೆ. ಜೀನ್ ಲೇವ್ ಅನ್ನುವ ಮಾನವಶಾಸ್ತ್ರಜ್ಞೆ ಲೈಬೀರಿಯಾದ ದರ್ಜಿಗಳ ಬಗ್ಗೆ ಬರೆದದ್ದು ನೆನಪಾಯಿತು. ಅಲ್ಲಿ ಕಲಿಯಲು ಬಂದವರು ಬಟ್ಟೆ ಕತ್ತರಿಸುವುದರಿಂದ ಶುರು ಮಾಡುವುದಿಲ್ಲ. ಗುಂಡಿ ಹಚ್ಚುವುದು, ಅಂಚು ಮಡಿಚಿ ಹೊಲಿಯುವುದು, ಈ ಕೊನೆಯ ಕೆಲಸಗಳಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾರೆ. ಮುಗಿದ ಉಡುಪು ಹೇಗಿರಬೇಕು ಅಂತ ಮೊದಲೇ ಕಣ್ಣಿಗೆ ಗೊತ್ತಾಗಿರುತ್ತದೆ. ವೆಲ್ಡರ್‌ಗೂ ಕೆಟ್ಟ ವೆಲ್ಡಿನ ಒಳಗು ಮೊದಲೇ ಗೊತ್ತಿರಲಿ ಅನ್ನುವುದು ನನ್ನ ಲೆಕ್ಕ.

ಇನ್ನೊಂದು ಬದಲಾವಣೆ. ಮಣಿಕಟ್ಟು ಹೀಗಿಡಿ, ಭುಜ ಹಾಗಿಡಿ ಅನ್ನುವುದನ್ನು ಕಡಿಮೆ ಮಾಡಿದೆ. ಗೇಬ್ರಿಯೆಲ್ ವುಲ್ಫ್ ಅನ್ನುವ ಸಂಶೋಧಕಿ ಮತ್ತು ಜೊತೆಯವರು 1998ರಲ್ಲಿ ಸ್ಕೀ (ಹಿಮದ ಮೇಲೆ ಜಾರುವ) ಆಟದ ಯಂತ್ರದ ಮೇಲೆ ಮಾಡಿದ ಪ್ರಯೋಗದಲ್ಲಿ, ತಮ್ಮ ಪಾದದ ಮೇಲೆ ಗಮನ ಇಟ್ಟವರಿಗಿಂತ ಪಾದದ ಕೆಳಗಿನ ಗಾಲಿಗಳ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಅಂದರೆ ಮೈ ಮೇಲಲ್ಲ, ಮೈ ಮಾಡುವ ಕೆಲಸದ ಮೇಲೆ ಗಮನ ಇರಲಿ. ನಾನು ಅಣ್ಣನಿಗೆ ಎರಡು ಪ್ರಶ್ನೆ ಮಾತ್ರ ಕೇಳತೊಡಗಿದೆ. ಕೊಳದ ಆಕಾರ ಹೇಗಿದೆ? ಸದ್ದು ಹೇಗಿದೆ? ಆರ್ಕ್ ಹತ್ತಿರ ಇದ್ದರೆ ಒಂದೇ ಸಮ ಚಟಚಟ ಅನ್ನುತ್ತದೆ. ದೂರ ಹೋದರೆ ಭುಸ್ ಅಂತ ಟೊಳ್ಳು ಸದ್ದು. ಅಣ್ಣನ ಕಿವಿ ಬಲು ಚುರುಕು. ಒಂದು ವಾರದಲ್ಲಿ ಅವರು ಪಕ್ಕದ ಬೂತಿನ ಸದ್ದು ಕೇಳಿಯೇ "ಆ ಹುಡುಗಂದು ಎದ್ದೋಯ್ತು ನೋಡಿ" ಅನ್ನುವಷ್ಟಾದರು.

ಮೂಟೆ ಆಸ್ತಿ ಅಂತ ಬಾಯಲ್ಲಿ ಹೇಳಿದರೆ ಸಾಲದು ಅಲ್ವಾ, ಬಳಸಬೇಕು. ಫ್ರೇಮ್ ಸೊಟ್ಟ ಆಗದಂತೆ ಟ್ಯಾಕ್, ಅಂದರೆ ಮೊದಲು ಹಿಡಿದಿಡುವ ಸಣ್ಣ ವೆಲ್ಡ್, ಹಾಕುವುದರಲ್ಲಿ ಅಣ್ಣ ನನಗಿಂತ ಮೇಲು. ಯಾವ ಮೂಲೆ ಮೊದಲು, ಎದುರು ಮೂಲೆ ಯಾವಾಗ, ಎಳೆತ ಎಷ್ಟು ಬರುತ್ತೆ ಅಂತ ಮೊದಲೇ ಎಷ್ಟು ಆಚೆ ಬಾಗಿಸಿಡಬೇಕು, ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಏಳನೇ ವಾರದ ಒಂದು ಸಂಜೆ ಅದನ್ನು ಅವರೇ ತೋರಿಸಿಕೊಟ್ಟರು. ಅವರನ್ನು ಖುಷಿಪಡಿಸಲು ಮಾಡಿದ್ದಲ್ಲ. ನನ್ನ ಪಾಠದಲ್ಲಿ ಆ ಜಾಗ ನಿಜವಾಗಿ ಖಾಲಿ ಇತ್ತು, ನಾನೂ ಬರೆದುಕೊಂಡೆ.

ನನ್ನ ಕೈ

ಎಲ್ಲಕ್ಕಿಂತ ಕಷ್ಟ ಆದದ್ದು ನನ್ನ ಎರಡು ಕೈಗಳನ್ನು ಸುಮ್ಮನಿರಿಸುವುದು. ತಪ್ಪು ಆಗುತ್ತಿರುವುದು ಕಣ್ಣೆದುರು ಕಾಣುತ್ತಿರುತ್ತದೆ, ಸರಿ ಮಾಡಲು ಎರಡು ಸೆಕೆಂಡು ಸಾಕು, ಆದರೂ ಮುಟ್ಟುವಂತಿಲ್ಲ. ಮೊದಲ ವಾರ ಕೈ ಹಿಂದೆ ಕಟ್ಟಿಕೊಂಡೆ, ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಎರಡೂ ಕೈಯಲ್ಲಿ ಒಂದು ವೈರ್ ಬ್ರಷ್ ಹಿಡಿದುಕೊಂಡು ಓಡಾಡಿದೆ. ಕೇಳಲು ಸಣ್ಣ ವಿಷಯ, ಆದರೆ ಕೆಲಸ ಮಾಡಿತು. ತೋರಿಸಲೇಬೇಕು ಅಂದರೆ ಬೇರೆ ಪ್ಲೇಟ್ ಮೇಲೆ ತೋರಿಸುತ್ತೇನೆ, ಅವರ ಕೆಲಸದ ಮೇಲಲ್ಲ. ಎದುರು ನಿಂತು ತೋರಿಸಿದರೆ ಎಡಬಲ ತಿರುಗಿ ಕಾಣುತ್ತದೆ, ಅದಕ್ಕೆ ಪಕ್ಕದಲ್ಲೇ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತೇನೆ. ಅಪಾಯ ಕಂಡರೆ ಮಾತ್ರ ಈ ಯಾವ ನಿಯಮವೂ ಇಲ್ಲ. ಗ್ರೈಂಡರ್ ಗಾರ್ಡ್ ಇಲ್ಲದೆ ಎತ್ತಿದರೆ, ಕೇಬಲ್ ಸುಲಿದಿದ್ದರೆ, ನೇರ ಹೋಗಿ ಕರೆಂಟ್ ತೆಗೆಯುತ್ತೇನೆ, ಮಾತು ಆಮೇಲೆ.

"ಅರ್ಥ ಆಯ್ತಾ?" ಬಿಟ್ಟೆ. ದೊಡ್ಡವರು ಆ ಪ್ರಶ್ನೆಗೆ ಇಲ್ಲ ಅನ್ನುವುದು ತೀರಾ ಅಪರೂಪ. ಅದರ ಬದಲು, "ಮುಂದಿನ ರಾಡ್‌ನಲ್ಲಿ ಯಾವ ಒಂದನ್ನು ಬದಲಾಯಿಸ್ತೀರಿ?" ಅಂತ ಕೇಳುತ್ತೇನೆ. ಒಂದೇ ಒಂದು. ಉತ್ತರ ಬಂದರೆ ಅರ್ಥ ಆಗಿದೆ, ತಡವರಿಸಿದರೆ ನಾನು ಇನ್ನೊಮ್ಮೆ ಕಲಿಸಬೇಕು. ಯುದ್ಧಕಾಲದ ಆ ಪದ್ಧತಿಯಲ್ಲಿ, ಕಲಿಯುವವರು ಕೆಲಸ ಮಾಡುತ್ತಲೇ ಮುಖ್ಯ ಅಂಶಗಳನ್ನು ಬಾಯಿಬಿಟ್ಟು ಹೇಳಬೇಕು ಅಂತ ಇದೆ. ಹೆಲ್ಮೆಟ್ ಒಳಗೆ ಆರ್ಕ್ ಹತ್ತಿರುವಾಗ ಅದು ಆಗದ ಮಾತು. ನಾವು ಅದನ್ನು ಡ್ರೈ ರನ್‌ಗೆ ಇಟ್ಟುಕೊಂಡೆವು. ಹತ್ತಿಸದ ರಾಡ್ ಹಿಡಿದು ಅಣ್ಣ "ಮುಂದೆ ಗೀರಿದೆ, ಹಿಂದಕ್ ಬಂದೆ, ತಾಗಿಸ್ಕೊಂಡೆ, ಎಡ ಅಂಚು, ನಿಂತೆ, ಬಲ ಅಂಚು, ನಿಂತೆ" ಅಂತ ಹೇಳುತ್ತಾ ಏರುತ್ತಿದ್ದರು. ಹುಡುಗರೂ ಅದನ್ನೇ ಹಿಡಿದರು.

ಏನಾಯಿತು

ಒಂಬತ್ತನೇ ವಾರಕ್ಕೆ ಅಣ್ಣನ ವರ್ಟಿಕಲ್ ಕಣ್ಣಿಗೆ ಚೆನ್ನಾಗಿ ಕಾಣತೊಡಗಿತು. 12ನೇ ವಾರ ಟೆಸ್ಟ್ ಪ್ಲೇಟ್ ಹಾಕಿದರು. ಎರಡು ಪ್ಲೇಟಿನ ನಡುವೆ 45 ಡಿಗ್ರಿ ವಿ ಆಕಾರ, ಕೆಳಗೆ 6 ಎಂಎಂ ಗ್ಯಾಪ್, ಹಿಂದೆ ಆಸರೆಗೆ ಒಂದು ಪಟ್ಟಿ. ವೆಲ್ಡ್ ಆದ ಪ್ಲೇಟಿನಿಂದ ಎರಡು ಪಟ್ಟೆ ಕತ್ತರಿಸಿ ಬಗ್ಗಿಸುತ್ತಾರೆ, ಒಂದನ್ನು ವೆಲ್ಡಿನ ಮೇಲ್ಮೈ ಹೊರಗೆ ಬರುವ ಹಾಗೆ, ಇನ್ನೊಂದನ್ನು ಬುಡ ಹೊರಗೆ ಬರುವ ಹಾಗೆ. ಬುಡದ್ದು ಚೊಕ್ಕ. ಮೇಲ್ಮೈಯದ್ದು ಬಗ್ಗುತ್ತಾ ಒಂದು ಜಾಗದಲ್ಲಿ ಬಾಯಿ ತೆರೆಯಿತು. ಅಳೆದರೆ 4 ಎಂಎಂ. 3ಕ್ಕಿಂತ ಜಾಸ್ತಿ ಇರುವಂತಿಲ್ಲ. ಫೇಲ್.

ನಾನು ಸಮಾಧಾನ ಹೇಳಲು ಬಾಯಿ ತೆರೆಯುವ ಮುಂಚೆಯೇ ಅಣ್ಣ ಪಟ್ಟೆ ತಿರುಗಿಸಿ ನೋಡಿ, "ಇದು ಕೊನೇ ಲೇಯರು. ರಾಡ್ ಬದಲಾಯಿಸಿದ ಜಾಗ. ಮುಂದೆ ಗೀರದೆ ಅಲ್ಲೇ ಹತ್ತಿಸಿಬಿಟ್ಟೆ" ಅಂದರು. ತಮ್ಮ ತಪ್ಪನ್ನು ತಾವೇ ಓದಿದ್ದರು. ಮೂರು ವಾರ ಬಿಟ್ಟು ಮತ್ತೆ ಕೊಟ್ಟರು, ಎರಡೂ ಪಟ್ಟೆ ಪಾಸ್.

ಎಲ್ಲರದ್ದೂ ಹೀಗೆ ಆಗಲಿಲ್ಲ. ಅದೇ ಬ್ಯಾಚಿನಲ್ಲಿ 30ರ ಆಸುಪಾಸಿನ ಒಬ್ಬರು ಆರನೇ ವಾರ ಬಿಟ್ಟು ಹೋದರು. ನನ್ನ ಗಮನ ಪೂರ್ತಿ ಅಣ್ಣನ ಮೇಲಿದ್ದ ದಿನಗಳು ಅವು. ಫೋನ್ ಮಾಡಲು ತಡ ಮಾಡಿದೆ, ಮಾಡಿದಾಗ ಅವರು ಬೇರೆ ಕೆಲಸಕ್ಕೆ ಸೇರಿಯಾಗಿತ್ತು. ಈಗ ಯಾರಾದರೂ ಒಂದು ದಿನ ತಪ್ಪಿಸಿದರೆ ಅದೇ ರಾತ್ರಿ ಫೋನ್ ಮಾಡುತ್ತೇನೆ. ಅದು ಅವರಿಗೆ ಉಪಯೋಗಕ್ಕೆ ಬರಲಿಲ್ಲ.

ಮುಂದಿನ ಬ್ಯಾಚಿನ ಐದನೇ ವಾರ ಮೇಡಂ ಮತ್ತೆ ನೋಟ್‌ಬುಕ್ ಹಿಡಿದು ಬಂದರು. 14 ಇದ್ದದ್ದು 3ಕ್ಕೆ ಇಳಿದಿತ್ತು. ಒಂದು ಗ್ರೈಂಡರ್, ಅದು ಅಪಾಯ ಇತ್ತು, ಸರಿ. ಇನ್ನೆರಡು ಬೇಕಿರಲಿಲ್ಲ. ಎರಡೂ ಒಬ್ಬಳೇ ಹುಡುಗಿಯ ಕೈಯಿಂದ ತೆಗೆದದ್ದು ಅಂತ ಅವರು ಪಕ್ಕದಲ್ಲಿ ಬರೆದಿದ್ದರು. ಅವಳ ಹತ್ತಿರ ಮಾತ್ರ ಯಾಕೆ ಹಾಗೆ ಮಾಡಿದೆ ಅಂತ ಎರಡು ದಿನ ಯೋಚಿಸಿ, ಅವಳನ್ನೇ ಕೇಳಿದೆ. "ನಾನು ನಿಧಾನ ಸಾರ್, ನಿಮಗೆ ಕಾಯೋಕಾಗಲ್ಲ" ಅಂದಳು.

ಈಗ ಓವರ್‌ಹೆಡ್ ವೆಲ್ಡಿಂಗ್‌ನ ತುಂಡುಗಳನ್ನು ಬರೆಯುತ್ತಿದ್ದೇನೆ. ನಾಲ್ಕನೇ ಸಲ ತಿದ್ದಿದ ಕಾಗದ ಮೇಜಿನ ಮೇಲಿದೆ. ಮೂರನೇ ಸಾಲು ಅರ್ಥ ಆಗುತ್ತಿಲ್ಲ ಅಂತ ಮೇಡಂ ಗೀಟು ಹಾಕಿ ಕೊಟ್ಟಿದ್ದಾರೆ. ಅದೇ ಸಾಲನ್ನು ಅಣ್ಣನಿಗೂ ಕಳಿಸಿದ್ದೇನೆ, ಅವರು ಹೇಗೆ ಹೇಳುತ್ತಾರೋ ನೋಡಬೇಕು.